ಅಂದಾಜುಪಟ್ಟಿಯಲ್ಲಿ ಬಿಟ್ಟುಹೋದದ್ದು

ಕಾಪು
8 ಜನವರಿ 2024

ಮಾಲೀಕರಿಗೆ,
ಈಜುಕೊಳದ ಕಚೇರಿ, ಕಡಿಯಾಳಿ, ಉಡುಪಿ

ಮಾನ್ಯರೇ,

ಅಕ್ಷರ ನೋಡಿದ ಕೂಡಲೇ ಇದು ಯಾರ ಪತ್ರವೆಂದು ನಿಮಗೆ ಗೊತ್ತಾಗಿರುತ್ತದೆ. ಆದರೂ ಇದನ್ನು ನಾನು ಬರೆಯುತ್ತಿರುವುದು ಅಣ್ಣ ಸುಕೇಶನಿಗಲ್ಲ, ಈಜುಕೊಳ ಕಟ್ಟಿಕೊಡುವ ಸಂಸ್ಥೆಗೆ. ಅಣ್ಣನ ನಂಬರನ್ನು ಬ್ಲಾಕ್ ಮಾಡಿ ಒಂದು ವರ್ಷ ದಾಟಿತು. ಅದನ್ನು ತೆಗೆಯುವ ಯೋಚನೆ ಸದ್ಯಕ್ಕಿಲ್ಲ. ಈ ಕೆಲಸವನ್ನು ನೆಟ್ಟಗೆ ಮಾಡುವವರು ಯಾರೆಂದು ಮೂರು ಕಡೆ ವಿಚಾರಿಸಿದೆ, ಮೂರು ಕಡೆಯೂ ನಿಮ್ಮ ಹೆಸರನ್ನೇ ಹೇಳಿದರು.

2022ರ ನವೆಂಬರಿನಲ್ಲಿ ಉದ್ಯಾವರ ಸೇತುವೆಯ ಹತ್ತಿರ ನಿಮ್ಮ ಬೈಕು ಬಿದ್ದ ದಿನದಿಂದ ಸೊಂಟದ ಕೆಳಗೆ ನನಗೆ ಏನೂ ಗೊತ್ತಾಗುವುದಿಲ್ಲ. ಸೂಜಿ ಚುಚ್ಚಿದರೆ ಯಾರಿಗೋ ಚುಚ್ಚಿದ ಹಾಗಿರುತ್ತದೆ. ವಾರಕ್ಕೆರಡು ಸಲ ಮಣಿಪಾಲದಿಂದ ವ್ಯಾಯಾಮ ಮಾಡಿಸಲು ಬರುವ ಸೆಲೀನ್, ನೀರಿಗಿಳಿಸಿದರೆ ಕಾಲು ಸ್ವಲ್ಪ ಮಾತು ಕೇಳಬಹುದು ಎನ್ನುತ್ತಾಳೆ. ಗ್ಯಾರಂಟಿ ಇಲ್ಲವೆಂದೂ ಸೇರಿಸುತ್ತಾಳೆ. ಮಣಿಪಾಲದ ಕೊಳಕ್ಕೆಂದು ನನ್ನನ್ನು ಕಾರಿಗೆ ಹತ್ತಿಸಿ ಇಳಿಸಿ ಅಮ್ಮನ ಬೆನ್ನು ಕೆಟ್ಟಿತು. ಆದ್ದರಿಂದ ಮನೆಯ ಹಿಂದೆ, ಬಾವಿಗೂ ತೆಂಗಿನ ಮರಕ್ಕೂ ನಡುವಿನ ಜಾಗದಲ್ಲಿ ಒಂದು ಸಣ್ಣ ಕೊಳ ಬೇಕು. ಹದಿನಾರು ಅಡಿ ಉದ್ದ, ಹತ್ತು ಅಡಿ ಅಗಲ.

ಒಬ್ಬರು ನಾಲ್ಕು ಲಕ್ಷ ಎನ್ನುತ್ತಾರೆ, ಇನ್ನೊಬ್ಬರು ಹದಿನೈದು ಎನ್ನುತ್ತಾರೆ. ನಾಲ್ಕಕ್ಕೂ ಹದಿನೈದಕ್ಕೂ ನಡುವೆ ಎಂತ ಉಂಟು ಎಂದು ಯಾರೂ ಹೇಳುವುದಿಲ್ಲ. ಖರ್ಚು ಏರಲು ಏನೇನು ಕಾರಣವೋ ಅಷ್ಟನ್ನೂ ಒಂದೂ ಬಿಡದೆ ಬರೆದು ಕಳಿಸಿ. ವಿಮೆಯ ಪರಿಹಾರ ಬಂದಿದೆ, ಅದರಲ್ಲೇ ಕೊಡುತ್ತೇನೆ. ರಿಯಾಯಿತಿ ಬೇಡ.

ಇಂತಿ,
ನಿಖಿತಾ


ಉಡುಪಿ
15 ಜನವರಿ 2024

ನಿಖಿತಾ ಅವರಿಗೆ,

ಅಣ್ಣನಾಗಿ ಬರೆದ ನಾಲ್ಕು ಪುಟಗಳನ್ನು ಹರಿದುಹಾಕಿದೆ. ಇದು ಕೊಳ ಕಟ್ಟುವವನ ಉತ್ತರ.

ಎಲ್ಲರೂ ಮೊದಲು ಕೇಳುವುದು ಕೊಳ ಎಷ್ಟು ಉದ್ದ ಎಂದು. ನಾನು ಮೊದಲು ನೋಡುವುದು ನೆಲವನ್ನು. ಕಾರ್ಕಳದಲ್ಲಾದರೆ ಮೂರು ಅಡಿ ತೋಡುವಷ್ಟರಲ್ಲಿ ಬಂಡೆ ಸಿಗುತ್ತದೆ. ಕಳೆದ ವರ್ಷ ಅಲ್ಲೊಬ್ಬರ ಮನೆಯಲ್ಲಿ ಬಂಡೆ ಒಡೆಯುವುದಕ್ಕೇ ಹನ್ನೆರಡು ದಿನ ಹೋಯಿತು, ಕೊಳಕ್ಕಿಂತ ಗುಂಡಿಯೇ ದುಬಾರಿಯಾಯಿತು. ಕಾಪುವಿನಲ್ಲಿ ಬಂಡೆಯ ಕಾಟವಿಲ್ಲ, ನೀರಿನ ಕಾಟ. ಬರೀ ಮರಳಿನ ಹೊಯಿಗೆ ನೆಲ, ಸಮುದ್ರ ಹತ್ತಿರ, ಮೂರಡಿಗೇ ಒರತೆ ಬರುತ್ತದೆ. ತೋಡುವಷ್ಟು ದಿನವೂ ಎರಡು ಪಂಪು ಓಡಿಸುತ್ತಾ ಇರಬೇಕು, ಬದಿ ಕುಸಿಯದ ಹಾಗೆ ಹಲಗೆ ಕೊಡಬೇಕು. ನಾಲ್ಕು ಲಕ್ಷ ಎಂದವರು ಇದನ್ನು ಲೆಕ್ಕಕ್ಕೇ ಹಿಡಿದಿರುವುದಿಲ್ಲ.

ಆಮೇಲೆ ಕೊಳದ ಜಾತಿ. ಕಾಂಕ್ರೀಟು ಸುರಿದು ಟೈಲ್ಸ್ ಕೂರಿಸಿದರೆ ಬೇಕಾದ ಆಕಾರ ಬರುತ್ತದೆ, ಆದರೆ ಮೂರು ತಿಂಗಳ ಕೆಲಸ, ಖರ್ಚೂ ಹೆಚ್ಚು. ಫೈಬರ್ ತೊಟ್ಟಿ ತಯಾರಾಗಿಯೇ ಬರುತ್ತದೆ, ತಂದು ಇಳಿಸಿದರಾಯಿತು. ನಿಮಗೆ ಅದೇ ಸರಿ. ಆದರೆ ನಿಮ್ಮ ಓಣಿಯೊಳಗೆ ಲಾರಿ ತಿರುಗುವುದಿಲ್ಲ. ಬಾವಿಯ ಹತ್ತಿರದ ತೆಂಗಿನ ಮರ ಕಡಿದರೆ ಹಿಂದಿನ ಗದ್ದೆಯ ಕಡೆಯಿಂದ ತರಬಹುದು. ಕಡಿಯದಿದ್ದರೆ ದೊಡ್ಡ ಕ್ರೇನ್ ತರಿಸಿ ಮನೆಯ ಹೆಂಚಿನ ಮಾಡಿನ ಮೇಲಿಂದ ದಾಟಿಸಬೇಕು, ಅದಕ್ಕೆ ಇಪ್ಪತ್ತೆರಡು ಸಾವಿರ ಹೆಚ್ಚು.

ಪೂರ್ತಿ ಪಟ್ಟಿ ಲಗತ್ತಿಸಿದ್ದೇನೆ. ಹಣ ಬೇಡವೆಂದರೆ ನೀವು ಒಪ್ಪುವುದಿಲ್ಲವೆಂದು ಗೊತ್ತು, ಆದ್ದರಿಂದ ಆ ಮಾತು ಎತ್ತುವುದಿಲ್ಲ.

ನಿಮ್ಮವ,
ಸುಕೇಶ್


ಕಾಪು
24 ಜನವರಿ 2024

ಮಾನ್ಯರೇ,

ಮರ ಕಡಿಯುವ ಮಾತು ಕೇಳಿದ್ದೇ ತಡ, ಅಮ್ಮ ಹೋಗಿ ಅದರ ಬುಡದಲ್ಲೇ ಕುಳಿತರು. ಅಪ್ಪ ಬಹರೈನಿನಿಂದ ಮೊದಲ ಸಲ ರಜೆಗೆ ಬಂದಾಗ ನೆಟ್ಟ ಮರವಂತೆ. ಕ್ರೇನ್ ಬರಲಿ.

ಪಟ್ಟಿ ಓದಿದೆ. ಆಳ ನಾಲ್ಕಡಿ ಎಂದು ಬರೆದಿದ್ದೀರಿ, ಸರಿ. ಆದರೆ ನಾನು ಇಳಿಯುವುದು ಹೇಗೆ? ಏಣಿ ಹಾಕಿದ್ದೀರಿ. ಏಣಿಗೆ ಕಾಲು ಬೇಕು. ನೀರು ಬೆಚ್ಚಗಿರಬೇಕೆಂದು ಸೆಲೀನ್ ಹೇಳಿದ್ದಾಳೆ, ಅದೂ ಪಟ್ಟಿಯಲ್ಲಿಲ್ಲ. ಯಾರೋ ಓಡಾಡುವವರಿಗೆ ಮಾಡಿಟ್ಟ ಪಟ್ಟಿಯಲ್ಲಿ ಹೆಸರು ಬದಲಿಸಿ ನನಗೆ ಕಳಿಸಿದ ಹಾಗಿದೆ.

ಬೇಸರದಿಂದ ಹೇಳುತ್ತಿಲ್ಲ. ಬೇಸರ ಎಂಬುದು ಈಚೆಗೆ ಬರುವುದೇ ಇಲ್ಲ. ರಾಜ್ಯ ಮಟ್ಟದಲ್ಲಿ ಈಜಿ ಗೆದ್ದ ಪದಕಗಳನ್ನು ಅಮ್ಮ ಕಪಾಟಿನಿಂದ ತೆಗೆದು ಒಳಗಿಟ್ಟಾಗಲೂ ಬರಲಿಲ್ಲ. ನಿಮ್ಮ ಮೇಲೆ ಸಿಟ್ಟಾದರೂ ಬರಲಿ ಎಂದು ಕಾದು ನೋಡಿದೆ, ಅದೂ ಇಲ್ಲ.

ಎಲ್ಲ ಕಾರಣಗಳನ್ನೂ ಬರೆಯಿರಿ ಎಂದು ಕೇಳಿದ್ದೆ. ಬಿಟ್ಟದ್ದು ಇನ್ನೂ ಉಂಟು. ಮತ್ತೆ ಯೋಚಿಸಿ.

ಇಂತಿ,
ನಿಖಿತಾ


ಉಡುಪಿ
10 ಫೆಬ್ರವರಿ 2024

ನಿಖಿತಾ,

ಏಣಿಯ ವಿಷಯಕ್ಕೆ ನನಗೆ ನಾಚಿಕೆಯಾಯಿತು. ಹಳೆಯ ಪಟ್ಟಿಯನ್ನೇ ತಿದ್ದಿ ಕಳಿಸಿದ್ದು ನಿಜ. ನಿನ್ನ ಹೆಸರಿನ ಮುಂದೆ ಗಾಲಿಕುರ್ಚಿ ಎಂದು ಬರೆಯಲು ಕೈ ಬರಲಿಲ್ಲ.

ಹೊಸ ಪಟ್ಟಿಯಲ್ಲಿ ಎಲ್ಲ ಉಂಟು. ಗಾಲಿಕುರ್ಚಿ ಅಂಚಿನವರೆಗೆ ಬರಲು ಇಳಿಜಾರು, ಕುಳಿತಲ್ಲೇ ನೀರಿಗಿಳಿಸುವ ಯಂತ್ರದ ಕುರ್ಚಿ. ಕುರ್ಚಿ ಹೊರಗಿನಿಂದ ಬರಬೇಕು, ಅದೊಂದೇ ಎರಡು ಲಕ್ಷದ ಹತ್ತಿರ. ನೀರು ಬಿಸಿಯಾಗಲು ಮಾಡಿನ ಮೇಲೆ ಸೋಲಾರ್. ಕಡಲ ಗಾಳಿಗೆ ಸಾಧಾರಣ ಕಬ್ಬಿಣ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ, ಆದ್ದರಿಂದ ಹಿಡಿಕೆಗಳಿಗೆ ಒಳ್ಳೆಯ ಸ್ಟೀಲು. ನೀರು ಸೋಸುವ ಯಂತ್ರ, ಅದರ ಕರೆಂಟು, ನೀರಿಗೆ ವಾರಕ್ಕೊಮ್ಮೆ ಹಾಕುವ ಔಷಧಿ. ಕಟ್ಟುವ ಖರ್ಚು ಒಂದು ಸಲದ್ದು, ನೋಡಿಕೊಳ್ಳುವ ಖರ್ಚು ಕೊಳ ಇರುವಷ್ಟು ದಿನವೂ ಇರುತ್ತದೆ. ಪುರಸಭೆಯ ಅನುಮತಿಯ ಓಡಾಟ ನನ್ನದು. ಒಟ್ಟು ಹನ್ನೆರಡು ಲಕ್ಷದ ನಲವತ್ತು ಸಾವಿರ.

ಇನ್ನೇನು ಬಿಟ್ಟಿದ್ದೇನೆಂದು ಗೊತ್ತಾಗಲಿಲ್ಲ. ಕೆಲಸಕ್ಕೆ ಡೆನಿಸ್ ಬರುತ್ತಾನೆ, ನಮ್ಮ ಮೇಸ್ತ್ರಿ, ಕಾರ್ಕಳದವನು. ಪತ್ರಗಳನ್ನೂ ಅವನ ಕೈಯಲ್ಲೇ ಕೊಡಬಹುದು. ನಾನು ಬರುವುದಿಲ್ಲ. ನಾನು ಬಂದರೆ ನಿನಗೆ ಕಷ್ಟ.

ಸುಕೇಶ್


ಕಾಪು
20 ಏಪ್ರಿಲ್ 2024

ಮಾನ್ಯರೇ,

ತೊಟ್ಟಿ ನಿನ್ನೆ ಬಂತು. ಕ್ರೇನ್ ಅದನ್ನು ಎತ್ತಿದಾಗ ಓಣಿಯವರೆಲ್ಲ ಬಂದು ನಿಂತರು. ನೀಲಿ ತೊಟ್ಟಿ ನಮ್ಮ ಮಾಡಿನ ಮೇಲಿಂದ ತೇಲಿಕೊಂಡು ಹೋಯಿತು. ಅಮ್ಮ ಎಲ್ಲರಿಗೂ ಬೆಲ್ಲ ನೀರು ಕೊಟ್ಟರು. ನಾನು ಜಗಲಿಯಲ್ಲಿದ್ದೆ. ಇಂಥ ದಿನ ಸಂತೋಷವಾಗಬೇಕು ಎಂದು ನೆನಪಾಯಿತು, ಅಷ್ಟೆ.

ಬೇರೆಯವರ ಮನೆಯಲ್ಲಿ ತೊಟ್ಟಿ ಇಳಿಸುವ ದಿನ ನೀವೇ ನಿಂತಿರುತ್ತೀರಂತೆ. ನಮ್ಮಲ್ಲಿ ಯಾಕಿಲ್ಲ ಎಂದು ಡೆನಿಸನನ್ನು ಕೇಳಿದೆ. ಅವನು ಬಹಳ ಹೊತ್ತು ಹಗ್ಗ ಸುತ್ತಿದ. ಕೊನೆಗೆ, "ಸಾರ್ ಬಂದಿದ್ದಾರೆ ಅಕ್ಕ. ಹೈವೇಯ ಹತ್ರ ಕಾರಲ್ಲಿ ಕೂತಿದ್ದಾರೆ. ನಾನು ಹೇಳಿದ್ದು ಅಂತ ಹೇಳ್ಬೇಡಿ" ಎಂದ.

ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ, ಏಪ್ರಿಲ್ ತಿಂಗಳ ಬಿಸಿಲಿನಲ್ಲಿ, ಕಾರಿನೊಳಗೆ. ನಮ್ಮ ಗೇಟಿನಿಂದ ಇನ್ನೂರು ಹೆಜ್ಜೆ. ನಾನು ನಡೆಯಲಾರೆ, ನೀವು ನಡೆಯಬಹುದಿತ್ತು.

ಡೆನಿಸನನ್ನು ಬೈಯಬೇಡಿ. ಕೊನೆಯ ಕಂತು ಕಳಿಸಿದ್ದೇನೆ.

ನಿಖಿತಾ


ಕಾಪು
14 ಜೂನ್ 2024

ಚಿರಂಜೀವಿ ಸುಕೇಶನಿಗೆ ಅಮ್ಮ ಸುಗಂಧಿಯ ಆಶೀರ್ವಾದಗಳು.

ಪ್ರತಿ ಶುಕ್ರವಾರ ಕಡಿಯಾಳಿಯ ದೇವಸ್ಥಾನಕ್ಕೆ ಬಂದಾಗ ನಿನ್ನ ಕಚೇರಿಯ ಬಾಗಿಲಲ್ಲಿ ಐದು ನಿಮಿಷ ಮಾತಾಡುತ್ತೇನಲ್ಲ, ಈ ಸಲ ಮುಖ ತೋರಿಸಲಾಗದೆ ಬರೆಯುತ್ತಿದ್ದೇನೆ. ನನ್ನಿಂದ ದೊಡ್ಡ ತಪ್ಪಾಗಿದೆ ಮಗ.

ಮಳೆ ಹಿಡಿಯುವ ಮೊದಲು ಬಾವಿಯ ನೀರು ಪೂರ್ತಿ ಎತ್ತಿ, ಕೆಸರು ತೆಗೆದು, ಹೊಸ ನೀರು ಬಂದ ಮೇಲೆ ಅರಸಿನ ಕುಂಕುಮ ಹಾಕಿ ಕೈಮುಗಿಯುವುದು ನಾನು ಮದುವೆಯಾಗಿ ಬಂದಂದಿನಿಂದ ನಡೆಸಿದ ಪದ್ಧತಿ. ಈ ಸಲ ಬಾವಿಯ ಕೆಲಸದವನು ತಡವಾಗಿ ಬಂದ, ಅಷ್ಟರಲ್ಲಿ ಒಂದೆರಡು ಮಳೆಯೂ ಬಿದ್ದಿತ್ತು. ಬಾವಿ ಆಯಿತು. ಪಕ್ಕದಲ್ಲೇ ನಿನ್ನ ತೊಟ್ಟಿ, ಅದರಲ್ಲಿ ತೆಂಗಿನ ಹೂವು, ಎಲೆ, ಕಪ್ಪೆ. ಬಾವಿಗೆ ಮಾಡಿ ಅದಕ್ಕೆ ಮಾಡದಿದ್ದರೆ ಹೇಗೆ ಎಂದು ಅದನ್ನೂ ಬರಿದು ಮಾಡಿಸಿದೆ. ನಿಖಿ ಮಲಗಿದ್ದಳು, ಅವಳನ್ನು ಕೇಳಲಿಲ್ಲ. ತೊಟ್ಟಿ ಉಜ್ಜಿ ಕನ್ನಡಿಯ ಹಾಗೆ ಮಾಡಿದೆವು. ಮಾರನೆಯ ದಿನ ತುಂಬಿಸುವುದೆಂದಿತ್ತು.

ಆ ಸಂಜೆ ಹಿಡಿದ ಮಳೆ ಎರಡು ದಿನ ಬಿಡಲಿಲ್ಲ. ಮೂರನೆಯ ಬೆಳಿಗ್ಗೆ ಹೋಗಿ ನೋಡುತ್ತೇನೆ, ತೊಟ್ಟಿ ನೆಲದಿಂದ ಮೇಲೆದ್ದು ದೋಣಿಯ ಹಾಗೆ ವಾಲಿಕೊಂಡಿದೆ. ಸುತ್ತಲಿನ ಕಲ್ಲುಹಾಸು ಎದ್ದಿದೆ, ಯಂತ್ರದ ಕುರ್ಚಿ ಅಡ್ಡ ಬಿದ್ದಿದೆ.

ನಿಖಿ ಕಿಟಕಿಯಿಂದ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವಳು ಅದರಲ್ಲಿ ಇನ್ನೂ ಒಂದು ದಿನವೂ ಇಳಿದಿರಲಿಲ್ಲ. ಇವತ್ತು ಬೇಡ, ನಾಳೆ ನೋಡುವ ಎನ್ನುತ್ತಿದ್ದಳು.

ನೀನೇ ಒಂದು ಸಲ ಬಾ.

ಅಮ್ಮ


ಉಡುಪಿ
17 ಜೂನ್ 2024

ನಿಖಿ,

ಅಮ್ಮನನ್ನು ಏನೂ ಅನ್ನಬೇಡ. ತಪ್ಪು ಅವರದಲ್ಲ.

ನಮ್ಮ ಕರಾವಳಿಯಲ್ಲಿ ಮಳೆಗಾಲದಲ್ಲಿ ಕೊಳವನ್ನು ಯಾವತ್ತೂ ಬರಿದು ಮಾಡಬಾರದು. ನೆಲದೊಳಗಿನ ನೀರು ಏರಿ ಅಡಿಯಿಂದ ಒತ್ತುತ್ತದೆ. ತೊಟ್ಟಿ ತುಂಬಿದ್ದರೆ ಆ ಭಾರಕ್ಕೆ ಕುಳಿತಿರುತ್ತದೆ, ಖಾಲಿಯಾದರೆ ಎದ್ದುಬರುತ್ತದೆ. ಅಡಿಯಲ್ಲಿ ನೀರು ಬಿಡುವ ಕವಾಟ ಹಾಕಿದ್ದೆವು, ಅಷ್ಟು ಮಳೆಗೆ ಅದು ಸಾಲದು. ಈ ಮಾತನ್ನು ನಾನು ಪ್ರತಿ ಮನೆಯಲ್ಲೂ ಕೊನೆಯ ದಿನ ಹೋಗಿ, ಮನೆಯವರನ್ನೆಲ್ಲ ಕೂರಿಸಿ, ಎರಡೆರಡು ಸಲ ಹೇಳುತ್ತೇನೆ. ಹೆಂಗಸರಿಗೆ ಬಾವಿಯ ಅಭ್ಯಾಸ ಉಂಟೆಂದು ಗೊತ್ತಿರುವುದರಿಂದ ಅವರಿಗೆ ಮೂರನೆಯ ಸಲವೂ ಹೇಳುತ್ತೇನೆ. ನಿಮ್ಮ ಮನೆಗೆ ಡೆನಿಸನನ್ನು ಕಳಿಸಿದೆ. ಸಾರ್ ಫೋನಿನಲ್ಲಿ ಹೇಳಿರುತ್ತಾರೆ ಎಂದುಕೊಂಡು ಅವನು ಹೇಳಲಿಲ್ಲ. ನೀನು ನನ್ನ ನಂಬರ್ ಬ್ಲಾಕ್ ಮಾಡಿದ್ದು ಅವನಿಗೇನು ಗೊತ್ತು. ಡೆನಿಸ್ ಹೇಳಿರುತ್ತಾನೆ ಎಂದುಕೊಂಡು, ಶುಕ್ರವಾರ ಬಾಗಿಲಲ್ಲಿ ಸಿಗುವ ಅಮ್ಮನಿಗೆ ನಾನೂ ಹೇಳಲಿಲ್ಲ. ನಾನು ಬಾರದಿದ್ದದ್ದಕ್ಕೆ ಹೀಗಾಯಿತು.

ಮೂರು ದಿನದಿಂದ ಇದನ್ನೇ ಯೋಚಿಸುತ್ತಿದ್ದೇನೆ. ಬರೆಯಬೇಕಾದದ್ದು ಇನ್ನೊಂದು ಉಂಟು. ಒಂದೂವರೆ ವರ್ಷದಿಂದ ಅದನ್ನು ಯಾರಿಗೂ ಹೇಳಿಲ್ಲ.

ಅವತ್ತು ಸೇತುವೆಯ ಹತ್ತಿರ ನಾಯಿ ಅಡ್ಡ ಬರಲಿಲ್ಲ. ನಾನು ಫೋನಿನಲ್ಲಿದ್ದೆ. ಹೆಲ್ಮೆಟ್ಟಿನೊಳಗೆ ಸಿಕ್ಕಿಸಿಕೊಂಡಿದ್ದೆ. ಮಣಿಪಾಲದ ಒಬ್ಬ ಗಿರಾಕಿ, ಕೊಳಕ್ಕೆ ಎಷ್ಟಾಗುತ್ತದೆ ಎಂದು ಕೇಳಿದ. ನೆಲ ಹೇಗುಂಟು, ಕಾಂಕ್ರೀಟೋ ಫೈಬರೋ, ಟೈಲ್ಸ್ ಯಾವುದು ಎಂದು ನಿನಗೆ ಬರೆದದ್ದನ್ನೇ ಅವನಿಗೆ ಹೇಳುತ್ತಿದ್ದೆ. ಫೋನು ಜಾರಿತು. ಅದನ್ನು ಹಿಡಿಯಲು ಎಡಗೈ ಎತ್ತಿದೆ. ಅಷ್ಟೇ ನಡೆದದ್ದು. ಪೊಲೀಸರ ಹತ್ತಿರ ನಾಯಿ ಎಂದೆ. ನಿನ್ನ ಹಾಸಿಗೆಯ ಪಕ್ಕ ಕುಳಿತು ಅಮ್ಮನಿಗೂ ನಾಯಿ ಎಂದೆ. ಆ ಗಿರಾಕಿ ಆಮೇಲೆ ಕೊಳ ಕಟ್ಟಿಸಲೇ ಇಲ್ಲ.

ನಾನು ಬಂದರೆ ನಿನಗೆ ಕಷ್ಟ ಎಂದು ಬರೆದಿದ್ದೆ. ಅದು ಸುಳ್ಳು. ನನಗೆ ಹೆದರಿಕೆ.

ಮಳೆ ನಿಲ್ಲದೆ ತೊಟ್ಟಿಯನ್ನು ಮತ್ತೆ ಕೂರಿಸಲು ಆಗುವುದಿಲ್ಲ, ಅಕ್ಟೋಬರ್ ಆಗಬೇಕು. ಅದರ ಖರ್ಚು ಪೂರ್ತಿ ನನ್ನದು. ಇದಕ್ಕೆ ಮಾತ್ರ ಬೇಡ ಅನ್ನಬೇಡ.

ಸುಕೇಶ್


ಕಾಪು
2 ಜುಲೈ 2024

ಸುಕೇಶಣ್ಣ,

ನನಗೆ ಗೊತ್ತಿತ್ತು. ನಿನ್ನ ಹಿಂದೆ ಕುಳಿತವಳು ನಾನೇ ಅಲ್ವಾ? "ಚದರಡಿಗೆ ನೂರ ಎಂಬತ್ತು ಸಾರ್, ಕಡಿಮೆ ಇಲ್ಲ" ಎಂದದ್ದು ಬೀಳುವ ಮೊದಲು ನಿನ್ನ ಬಾಯಿಂದ ನಾನು ಕೇಳಿದ ಕೊನೆಯ ಮಾತು. ಅದಾದ ಮೇಲೆ ನೆನಪಿರುವುದು ಆಸ್ಪತ್ರೆಯ ಫ್ಯಾನು.

ಪೊಲೀಸರು ನನ್ನನ್ನೂ ಕೇಳಿದರು. ನೀನು ಬಾಗಿಲಲ್ಲಿ ನಿಂತಿದ್ದೆ. ನಾನೂ ನಾಯಿ ಎಂದೆ. ಅವರು ಹೋದ ಮೇಲೆ ನೀನು ಬಂದು ಹೇಳುತ್ತೀ ಎಂದು ಕಾದೆ. ನೀನು ಸೇಬು ಕತ್ತರಿಸಿ ಕೊಟ್ಟೆ. ಹನ್ನೊಂದು ದಿನ ಸೇಬು ಕತ್ತರಿಸಿ ಕೊಟ್ಟೆ. ಮನೆಗೆ ಬಂದ ದಿನ ನಿನ್ನ ನಂಬರ್ ಬ್ಲಾಕ್ ಮಾಡಿದೆ. ಬೈಕು ಬಿದ್ದದ್ದಕ್ಕಲ್ಲ.

ಕಾರಣಗಳನ್ನೆಲ್ಲ ಬರೆಯಿರಿ ಎಂದು ಜನವರಿಯಲ್ಲಿ ಕೇಳಿದ್ದು ಅದಕ್ಕೇ. ಹೊಯಿಗೆ, ಒರತೆ, ಕ್ರೇನ್, ತುಕ್ಕು ಎಲ್ಲ ಬರೆದೆ, ಚೆನ್ನಾಗಿಯೇ ಬರೆದೆ. ನಾನು ಪ್ರತಿ ಪುಟ ತಿರುವಿ ಒಂದೇ ಸಾಲನ್ನು ಹುಡುಕುತ್ತಿದ್ದೆ. ಈಗ ಅದು ಬಂತು. ಓದಿದಾಗ ಏನಾದರೂ ಆಗುತ್ತದೆ ಎಂದುಕೊಂಡಿದ್ದೆ. ಏನೂ ಆಗಲಿಲ್ಲ. ಆದರೆ ಅವತ್ತು ಮಧ್ಯಾಹ್ನ ಊಟವಾದ ಮೇಲೆ ಮೂರು ಗಂಟೆ ನಿದ್ದೆ ಮಾಡಿದೆ. ಅಮ್ಮ ಎರಡು ಸಲ ಬಂದು ಉಸಿರು ನೋಡಿ ಹೋದರಂತೆ.

ಪಟ್ಟಿಯಲ್ಲಿ ಇನ್ನೂ ಒಂದು ಬಾಕಿ ಉಂಟು. ನಾನು ಕೊಳಕ್ಕೆ ಇಳಿಯದಿದ್ದದ್ದಕ್ಕೆ ಅದೇ ಕಾರಣ. ಯಂತ್ರದ ಕುರ್ಚಿ ನನ್ನನ್ನು ನೀರಿನವರೆಗೆ ಇಳಿಸುತ್ತದೆ, ಆಮೇಲೆ ಹಿಡಿದುಕೊಳ್ಳಲು ನೀರಿನೊಳಗೆ ಒಬ್ಬರು ನಿಂತಿರಲೇಬೇಕು ಎಂದು ಸೆಲೀನ್ ಹೇಳಿದ್ದಾಳೆ. ಅವಳು ದಡದಿಂದ ಹೇಳಿಕೊಡುವವಳು. ಅಮ್ಮನಿಗೆ ಈಜು ಬರುವುದಿಲ್ಲ, ಬೆನ್ನೂ ಇಲ್ಲ. ಹನ್ನೆರಡು ಲಕ್ಷದ ಪಟ್ಟಿಯಲ್ಲಿ ಆ ಮನುಷ್ಯನನ್ನು ನೀನು ಹಾಕಿಲ್ಲ.

ದೇವಸ್ಥಾನದ ಹಿಂದಿನ ಕೆರೆ ನೆನಪುಂಟಾ? ನನಗೆ ಏಳು ವರ್ಷ, ನಿನಗೆ ಹದಿನಾಲ್ಕು. ಎರಡು ಒಣ ತೆಂಗಿನಕಾಯಿಗಳ ಸಿಪ್ಪೆ ಸ್ವಲ್ಪ ಸೀಳಿ, ಒಂದಕ್ಕೊಂದು ಗಂಟು ಹಾಕಿ ನನ್ನ ಎದೆಯ ಕೆಳಗೆ ಕೊಟ್ಟು ಈಜು ಕಲಿಸಿದವನು ನೀನು. ಕೈ ಬಿಡಬೇಡ ಎಂದು ನಾನು ಅತ್ತರೆ ಬಿಡುವುದಿಲ್ಲ ಎನ್ನುತ್ತಿದ್ದೆ. ಯಾವಾಗ ಬಿಟ್ಟೆಯೆಂದು ನನಗೆ ಗೊತ್ತೇ ಆಗಲಿಲ್ಲ, ನಾನು ಈಜಿ ಆಚೆ ದಡ ಮುಟ್ಟಿದ್ದೆ.

ಕ್ಷಮಿಸಿದ್ದೇನೋ ಇಲ್ಲವೋ ನನಗೆ ತಿಳಿಯದು. ಅದನ್ನು ಕೇಳಬೇಡ. ಪಟ್ಟಿ ಸರಿಮಾಡಿ ಕಳಿಸು.

ನಿಖಿ


ಉಡುಪಿ
21 ಅಕ್ಟೋಬರ್ 2024

ನಿಖಿ,

ಮೂರೂವರೆ ತಿಂಗಳು ಉತ್ತರ ಬರೆಯಲಿಲ್ಲ. ಅಜ್ಜರಕಾಡಿನ ಕೊಳದಲ್ಲಿ ದಿನಾ ಬೆಳಿಗ್ಗೆ ಇಳಿಯುತ್ತಿದ್ದೆ. ಅಪಘಾತದ ನಂತರ ನಾನು ನೀರಿಗೆ ಇಳಿದಿರಲಿಲ್ಲ, ಕೊಳ ಕಟ್ಟುವವನಾದರೂ ದಡದಲ್ಲೇ ನಿಲ್ಲುತ್ತಿದ್ದೆ. ಮೊದಲ ವಾರ ಸೊಂಟದವರೆಗೆ ಬರುವ ನೀರಿನಲ್ಲೂ ನಿಲ್ಲಲಾಗಲಿಲ್ಲ. ಈಗ ನಿಲ್ಲುತ್ತೇನೆ.

ಇಪ್ಪತ್ತೆಂಟಕ್ಕೆ ಕ್ರೇನ್ ಬರುತ್ತದೆ. ನಾನೂ ಅದರ ಜೊತೆಗೇ ಬರುತ್ತೇನೆ. ಸರಿಮಾಡಿದ ಪಟ್ಟಿ ಇಷ್ಟೇ ಉಂಟು. ತೊಟ್ಟಿಯನ್ನು ಎತ್ತಿ ಮತ್ತೆ ಕೂರಿಸುವುದು, ಕಲ್ಲುಹಾಸು, ಕುರ್ಚಿಯ ರಿಪೇರಿ, ನನ್ನ ಖರ್ಚು. ಒಣ ತೆಂಗಿನಕಾಯಿ ಎರಡು, ನಿಮ್ಮ ಮರದ್ದೇ, ಅಮ್ಮ ತೆಗೆದಿಡಬೇಕು. ನೀರಿನೊಳಗೆ ಒಬ್ಬ ಮನುಷ್ಯ, ಮಂಗಳವಾರ ಮತ್ತು ಶುಕ್ರವಾರ, ಬೆಳಿಗ್ಗೆ ಏಳಕ್ಕೆ. ಇದರ ದರ ಬರೆಯಲು ಗೊತ್ತಾಗಲಿಲ್ಲ, ಖಾಲಿ ಬಿಟ್ಟಿದ್ದೇನೆ.

ಫೋನು ಕಾರಿನಲ್ಲೇ ಬಿಟ್ಟು ಬರುತ್ತೇನೆ.

ಸುಕೇಶ್


ಕಾಪು
6 ನವೆಂಬರ್ 2024

ಅಣ್ಣ,

ನಿನ್ನೆ ಸೆಲೀನ್ ಎದುರಿಗೆ ಮಾತಾಡಲಾಗಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ನಂಬರ್ ಇನ್ನೂ ಬ್ಲಾಕಿನಲ್ಲೇ ಉಂಟು. ಸದ್ಯಕ್ಕೆ ಪತ್ರವೇ ಸಾಕು.

ತೆಂಗಿನಕಾಯಿಯ ಗಂಟು ಸಡಿಲವಾಗಿತ್ತು. ಇಪ್ಪತ್ತು ವರ್ಷದಲ್ಲಿ ಕೈ ಮರೆತುಹೋಗಿದೆ ನಿನಗೆ, ಮುಂದಿನ ಸಲ ಬಿಗಿಯಾಗಿ ಕಟ್ಟು. ಅಮ್ಮ ಕೊಳಕ್ಕೂ ಅರಸಿನ ಕುಂಕುಮ ಹಾಕಿದ್ದಕ್ಕೆ ಡೆನಿಸ್ ಫಿಲ್ಟರ್ ಹಾಳಾಗುತ್ತದೆ ಎಂದು ಗೊಣಗಿದ. ಹಾಳಾದರೆ ಅದನ್ನೂ ನಿನ್ನ ಲೆಕ್ಕಕ್ಕೆ ಬರೆದುಕೋ.

ನೀರು ಬೆಚ್ಚಗಿತ್ತಂತೆ. ಸೊಂಟದವರೆಗೆ ನನಗೂ ಗೊತ್ತಾಯಿತು. ಅಲ್ಲಿಂದ ಕೆಳಗೆ ಗೊತ್ತಾಗಲಿಲ್ಲ. ಕಾಲು ಅಲುಗಿತೆಂದು ಸೆಲೀನ್ ಹೇಳಿದ್ದು ನನ್ನ ಸಮಾಧಾನಕ್ಕಿರಬೇಕು. ಬೆನ್ನಿನ ಕೆಳಗೆ ನಿನ್ನ ಎರಡೂ ಕೈ ಇದ್ದದ್ದು ಮಾತ್ರ ನನಗೆ ಉದ್ದಕ್ಕೂ ಗೊತ್ತಾಗುತ್ತಿತ್ತು. ನೀನು ಒಂದು ಸಲವೂ ಬಿಡಲಿಲ್ಲ.

ಶುಕ್ರವಾರ ಏಳಕ್ಕೆ ಬಾ. ಗೇಟಿನವರೆಗೆ ಕಾರು ತಾ.

ನಿನ್ನ ತಂಗಿ,
ನಿಖಿ